ಹೊಟ್ಟಿನ ಕುಂಡ

ಪ್ಲಾಸ್ಟಿಕ್ ಯಂತ್ರದ ಅಚ್ಚು ಬಾಯಿಬಿಟ್ಟಿತು. ಕಂದು ಬಣ್ಣದ ಹೂಕುಂಡ ಹೊರಬಿತ್ತು. ತಂಗಿ ಎತ್ತಿ ಬೆಳಕಿಗೆ ಹಿಡಿದಳು. ಮೈತುಂಬ ಗುಳ್ಳೆ, ಬೆವರುಸಾಲೆ ಎದ್ದ ಬೆನ್ನಿನ ಹಾಗೆ. ಬೆಳಗಿನಿಂದ ಇದು ಹನ್ನೊಂದನೆಯದು.

"ಪ್ಲಾಸ್ಟಿಕ್ಕಿಗೆ ಭತ್ತದ ಹೊಟ್ಟು ಸೇರಿಸಿದ್ರೆ ಕುಂಡ ಬರಲ್ಲ, ಗಂಡಾಂತರ ಬರುತ್ತೆ," ಎಂದ ಅಣ್ಣ. "ನಮ್ಮ ಅಚ್ಚಿನ ಮೇಲೆ ನಂಬಿಕೆ ಇಟ್ಟು ಬರೋ ಗಿರಾಕಿಗಳಿಗೆ ಈ ಗುಳ್ಳೆಗಳನ್ನ ತೋರಿಸ್ಲಾ?"

"ಇವತ್ತು ಸಂಜೆವರೆಗೆ ಸುಮ್ನಿರು ಅಣ್ಣಾ."

ಸಂಜೆಗೆ ಗಡುವು ಮುಗಿಯುತ್ತಿತ್ತು. ರಸ್ತೆಯಾಚೆಯ ಅಕ್ಕಿ ಗಿರಣಿಯಲ್ಲಿ ದಿನಾ ಹೊಟ್ಟಿನ ರಾಶಿಗೆ ಬೆಂಕಿ ಇಡುತ್ತಿದ್ದರು. ಹೊಗೆ ನೇರವಾಗಿ ಅಮ್ಮನ ಎದೆಗೆ. ತಂಗಿ ಜಗಳಕ್ಕೆ ಹೋದಾಗ ಗಿರಣಿ ಯಜಮಾನ, "ಒಂದು ವಾರ ಸುಡಲ್ಲ. ಅಷ್ಟರಲ್ಲಿ ನಿಮಗೆ ಉಪಯೋಗಕ್ಕೆ ಬಂದ್ರೆ ಪೂರ್ತಿ ಒಯ್ಯಿರಿ," ಎಂದಿದ್ದ. ಅವನ ಮೂಗುದನಿಯನ್ನು ಅವಳು ಮನೆಯಲ್ಲಿ ಅಣಕಿಸಿದಾಗ ಅಮ್ಮ ನಕ್ಕಿದ್ದಳು. ನಗು ಕೆಮ್ಮಾಗಿ, ಕೆಮ್ಮು ಉಬ್ಬಸವಾಗಿ, ಕೊನೆಗೆ ಯಾರ ಮುಖದಲ್ಲೂ ನಗು ಉಳಿದಿರಲಿಲ್ಲ.

ಹೊಟ್ಟಿನ ಪುಡಿಯಲ್ಲಿ ತೇವವಿದ್ದರೆ ಕಾದ ಪ್ಲಾಸ್ಟಿಕ್ಕಿನೊಳಗೆ ಆವಿಯಾಗಿ ಗುಳ್ಳೆ ಏಳುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ನಿನ್ನೆ ತಾನೇ ನಾಲ್ಕು ಗಂಟೆ ಒಣಗಿಸಿ, ಹಪ್ಪಳದಂತೆ ಗರಿಗರಿಯಾದ ಮೇಲೆ ಚೀಲಕ್ಕೆ ತುಂಬಿದ್ದಳು. ಸಿಟ್ಟಿನಲ್ಲಿ ಚೀಲದೊಳಗೆ ಕೈ ಹಾಕಿದಳು. ಪುಡಿ ತಣ್ಣಗೆ ಮುದ್ದೆಯಾಗಿ ಅಂಟಿಕೊಂಡಿತು.

"ಇದಕ್ಕೆ ನೀರು ಹಾಕಿದ್ಯಾರು?"

ಅಣ್ಣ ಬಾಗಿಲ ಬಳಿಯ ಚೊಂಬಿನ ಕಡೆ ನೋಡಿದ. "ನಾನೇ. ದಿನಾ ಬೆಳಗ್ಗೆ ಸ್ವಲ್ಪ ಚಿಮುಕಿಸ್ತೀನಿ."

"ಒಂದು ವಾರದಿಂದ ನನ್ನ ತಲೆ ಕೆಡ್ತಿದೆ, ನೀನು ಚಿಮುಕಿಸ್ತಿದ್ದೀಯಾ?"

"ಅಮ್ಮ ಟೀ ತಗೊಂಡು ಬರ್ತಾಳಲ್ಲ," ಎಂದ ಮೆಲ್ಲಗೆ. "ಧೂಳು ಎದ್ರೆ ಕೆಮ್ತಾಳೆ."

ಅವಳು ಅಂಗೈಗೆ ಅಂಟಿದ ಪುಡಿ ಕೊಡವಿದಳು. "ನನಗೊಂದು ಮಾತು ಹೇಳೋಕ್ಕೇನಾಗಿತ್ತು?"

"ನೀನು ಕೇಳಿದ್ಯಾ? ಯಂತ್ರ ಹಳೇದು, ನಿನ್ನ ಬುದ್ಧಿ ಅದಕ್ಕಿಂತ ಹಳೇದು ಅಂತ ಬೈದೆ."

ಅದೂ ನಿಜವೇ. ಅವಳು ಪುಡಿಯನ್ನು ತಟ್ಟೆಗಳಿಗೆ ಹರಡಿ ಮತ್ತೆ ಒಣಗಿಸುವ ಪೆಟ್ಟಿಗೆಗೆ ತಳ್ಳಿದಳು. ಇನ್ನೂ ನಾಲ್ಕು ಗಂಟೆ ಬೇಕು. ಕಿಟಕಿಯಾಚೆ ಬಿಸಿಲು ಇಳಿದಿತ್ತು; ಆಗಲೇ ಗಿರಣಿ ಯಜಮಾನ ಬೆಂಕಿಪೊಟ್ಟಣ ಹಿಡಿದು ರಾಶಿಯ ಹತ್ತಿರ ನಿಂತಿದ್ದ.

"ಮುಗೀತು," ಎಂದು ಅವಳು ಸ್ಟೂಲಿನ ಮೇಲೆ ಕುಸಿದಳು.

ತಲೆ ಎತ್ತುವಷ್ಟರಲ್ಲಿ ಅಣ್ಣ ಕೈಗಾಡಿ ತಳ್ಳಿಕೊಂಡು ರಸ್ತೆ ದಾಟಿದ್ದ. ಮೂಗುದನಿ ಇಲ್ಲಿಯವರೆಗೂ ಕೇಳಿಸಿತು: "ಏನಪ್ಪಾ, ಕುಂಡ ಆಯ್ತಾ?"

"ಇನ್ನೂ ಇಲ್ಲ. ಹೊಟ್ಟು ಸರಿಯಾಗೇ ಇದೆ, ಕೆಟ್ಟಿದ್ದು ನನ್ನ ಕೈಯಿಂದ. ಕಡ್ಡಿ ಗೀರಬೇಡಿ, ಇದು ನಮ್ಮದು."

ಎರಡು ಗಾಡಿ ಹೊಟ್ಟು ತಂದು ಸುರಿದ ಮೇಲೆ ಅವನು ಒಂದು ಖಾಲಿ ಡ್ರಮ್ಮು ಹುಡುಕಿದ. ಅದಕ್ಕೆ ಬಿಗಿಯಾದ ಮುಚ್ಚಳವಿತ್ತು. ಅದನ್ನು ಒರೆಸಿ, ಒಣಗಿದ ಪುಡಿ ಧೂಳೇಳದಂತೆ ತುಂಬಿಡಲು ಪೆಟ್ಟಿಗೆಯ ಪಕ್ಕ ಇಟ್ಟ. ಟೀ ತಂದ ಅಮ್ಮನ ಕೈಗೆ ಬಾಗಿಲ ಬಳಿಯ ಚೊಂಬು ಕೊಟ್ಟ.

"ಇದನ್ನ ಇನ್ಮೇಲೆ ಅಡುಗೆಮನೇಲೇ ಇಡಮ್ಮ," ಎಂದು, ಮೂರನೆಯ ಗಾಡಿಗೆ ಹೊರಟ.