ಕಾಂತರಾಜ್ ಹೇಳಿದ ಡ್ರಾ

ಸಾಗರದ ಆ ಸಮುದಾಯ ಭವನವನ್ನು ಐದು ಗಂಟೆಗೆ ಖಾಲಿ ಮಾಡಿಕೊಡಬೇಕಿತ್ತು. ಯಾರದೋ ನಿಶ್ಚಿತಾರ್ಥಕ್ಕೆ ಹೂವಿನವರು ಆಗಲೇ ಬಾಗಿಲಲ್ಲಿ ಬಂದು ನಿಂತಿದ್ದರು. ಸಂಘಟಕ ಮಂಜುನಾಥಪ್ಪನವರು ಚಪ್ಪಾಳೆ ತಟ್ಟಿ, "ಟೈಮಾಯ್ತು, ಕೈ ತೆಗೀರಿ, ಆಟ ನಿಲ್ಸಿ" ಎಂದುಬಿಟ್ಟರು.

ಮುಗಿಯದೆ ಉಳಿದಿದ್ದದ್ದು ಒಂದೇ ಚೆಸ್ ಬೋರ್ಡು. ಒಂದು ಕಡೆ ಹೊಸನಗರದ ಸ್ವಾತಿ, ಇನ್ನೊಂದು ಕಡೆ ತೀರ್ಥಹಳ್ಳಿಯ ಲಿಖಿತಾ. ಗೆದ್ದರೆ ಸ್ವಾತಿ ರಾಜ್ಯಮಟ್ಟಕ್ಕೆ. ಡ್ರಾ ಆದರೆ ಅರ್ಧ ಪಾಯಿಂಟ್ ಮುಂದಿರುವ ಲಿಖಿತಾ ಹೋಗುತ್ತಾಳೆ. ಹತ್ತೊಂಬತ್ತರೊಳಗಿನವರ ವಿಭಾಗದಲ್ಲಿ ಸ್ವಾತಿಗೆ ಇದೇ ಕೊನೆಯ ವರ್ಷ.

ಹೀಗೆ ಅರ್ಧಕ್ಕೆ ನಿಂತ ಆಟವನ್ನು ತಿಳಿದವರೊಬ್ಬರು ನೋಡಿ ಫಲಿತಾಂಶ ಹೇಳುವುದು ಈ ಟೂರ್ನಮೆಂಟಿನ ಪದ್ಧತಿ. ಆ ಭವನದಲ್ಲಿ ರೇಟಿಂಗ್ ಇದ್ದವನೆಂದರೆ ಕಾಂತರಾಜ್ ಒಬ್ಬನೇ. ಹೊಸನಗರದಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಆರು ವರ್ಷದಿಂದ ಸ್ವಾತಿಗೆ ಚೆಸ್ ಕಲಿಸುತ್ತಿದ್ದವನೂ ಅವನೇ.

"ಒಳ್ಳೇದಾಯ್ತು!" ಲಿಖಿತಾಳ ಕೋಚ್ ಹೇರಂಬ ಎಲ್ಲರಿಗೂ ಕೇಳುವಂತೆ ನಕ್ಕ. "ಹುಡುಗಿ ಹೆಂಗಿದಾಳೆ ಅಂತ ಹುಡುಗಿ ಅಪ್ಪನ್ನೇ ಕೇಳ್ದಂಗಾಯ್ತು. ಮೊಬೈಲಿನ ಚೆಸ್ ಆ್ಯಪಿಗೆ ಹಾಕಿ ನೋಡಿ ಮಾರಾಯ್ರೆ, ಅದಕ್ಕೆ ಶಿಷ್ಯಂದ್ರಿಲ್ಲ."

"ಮೊಬೈಲೂ ಬ್ಯಾಡ, ಗಿಬೈಲೂ ಬ್ಯಾಡ," ಮಂಜುನಾಥಪ್ಪನವರು ಗದರಿದರು. "ಕಾಂತರಾಜ್ ಅಂಥೋರಲ್ಲ. ನೀವ್ ಹೇಳಿ ಮೇಷ್ಟ್ರೆ."

ಕಾಂತರಾಜ್ ಬೋರ್ಡಿನ ಮೇಲೆ ಬಗ್ಗಿದ. ಬಿಳಿ ಸ್ವಾತಿಯದು, ನಡೆಯೂ ಅವಳದೇ. ಬಲಗಡೆ ಇಬ್ಬರಿಗೂ ಮೂರು ಮೂರು ಕಾಲಾಳುಗಳು. ದೂರದ ಎಡ ಅಂಚಿನಲ್ಲಿ ಅವಳದೊಂದು ಒಂಟಿ ಕಾಲಾಳು, ಇನ್ನೊಂದು ಹೆಜ್ಜೆ ಇಟ್ಟರೆ ರಾಣಿಯೇ. ಆದರೆ ಆ ಕೊನೆಯ ಮನೆಯಲ್ಲಿ ಅವಳದೇ ಆನೆ ಕೂತಿತ್ತು. ಹಿಂದಿನಿಂದ ಲಿಖಿತಾಳ ಆನೆ ಆ ಕಾಲಾಳನ್ನು ಗುರಿಯಿಟ್ಟು ಕಾಯುತ್ತಿತ್ತು. ಇಂಥ ಕಾಲಾಳಿಗೆ ನಮ್ಮ ಆನೆ ಬೆನ್ನ ಹಿಂದಿರಬೇಕು, ಮುಂದಿದ್ದರೆ ಗೆಲುವು ಕಷ್ಟ ಎಂದು ಅವನೇ ನೂರು ಸಲ ಪಾಠ ಮಾಡಿದ್ದ. ಎದುರಿಗೆ ಹೇರಂಬನ ನಗು ಇನ್ನೂ ಆರಿರಲಿಲ್ಲ. ತಡ ಮಾಡಿದಷ್ಟೂ ಜನ ಅನುಮಾನಿಸುತ್ತಾರೆ ಅನ್ನಿಸಿತು.

"ಡ್ರಾ," ಎಂದ.

ಭವನದಲ್ಲಿ ಚಪ್ಪಾಳೆ. "ನೋಡ್ದ್ರಾ! ಸ್ವಂತ ಶಿಷ್ಯೆ ಅಂತ್ಲೂ ನೋಡ್ಲಿಲ್ಲ!" ಎಂದು ಮಂಜುನಾಥಪ್ಪನವರು ಬೆನ್ನು ತಟ್ಟಿದರು. ಹೇರಂಬ ಬಂದು ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ.

ಆಗ ಕಾಂತರಾಜನ ಕಣ್ಣಿಗೆ ಕಪ್ಪು ರಾಜ ಬಿದ್ದ. ಜಿ ಏಳರ ಮನೆಯಲ್ಲಿ ಇದ್ದಾನೆಂದುಕೊಂಡಿದ್ದವನು ಎಫ್ ಏಳರಲ್ಲಿದ್ದ. ಒಂದೇ ಒಂದು ಮನೆ ಈಚೆ, ಬಲಮೂಲೆ ಅವನ ಕೈಗೆ ಸಿಗದಷ್ಟು! ಸ್ವಾತಿಯ ಆನೆ ಸೀದಾ ಆ ಬಲಮೂಲೆಗೆ, ಎಚ್ ಎಂಟಕ್ಕೆ ಹೋದರೆ ಆಟ ಮುಗಿಯಿತು. ಲಿಖಿತಾ ಕಾಲಾಳನ್ನು ಹೊಡೆಯದಿದ್ದರೆ ಅದು ರಾಣಿಯಾಗುತ್ತದೆ. ಹೊಡೆದರೆ ಈ ಆನೆ ಒಂದು ಮನೆ ಕೆಳಗಿಳಿದು ಚೆಕ್ ಕೊಡುತ್ತದೆ, ರಾಜ ಸರಿಯಲೇಬೇಕು, ಸರಿದರೆ ಅವನ ಹಿಂದೆ ಅದೇ ಸಾಲಿನಲ್ಲಿ ನಿಂತ ಕಪ್ಪು ಆನೆ ಹೋಯಿತು. ಸ್ವಾತಿ ಎಂಟನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಇದನ್ನು ತೋರಿಸಿಕೊಟ್ಟವನು ಅವನೇ.

ಮಂಜುನಾಥಪ್ಪನವರ ಪೆನ್ನು ಇನ್ನೂ ಹಾಳೆ ಮುಟ್ಟಿರಲಿಲ್ಲ.

"ತಪ್ಪಾಯ್ತು ಮಾರಾಯ," ಹೇರಂಬ ಹೇಳುತ್ತಿದ್ದ, "ನಿನ್ನ ಬಗ್ಗೆ ಏನೇನೋ ಅಂದ್ಬಿಟ್ಟೆ."

"ಇರ್ಲಿ ಬಿಡು," ಎಂದು ಕಾಂತರಾಜ್ ನಕ್ಕ. ಪೆನ್ನು ಬರೆಯಿತು.

ಸ್ವಾತಿ ಕಾಯಿಗಳನ್ನು ಡಬ್ಬಿಗೆ ತುಂಬಿದಳು. ಬಸ್ಸು ಸಾಗರ ದಾಟಿದ ಮೇಲೆ ಹೇಳಿದಳು.

"ಆನೆ ಎಚ್ ಎಂಟು, ಸರ್."

"ಹೂಂ."

"ಕೈ ಆನೆ ತನಕ ಹೋಗಿತ್ತು. ತೆಗೀರಿ ಅಂದ್ರು, ತೆಗ್ದೆ. ನೀವೇ ನೋಡ್ತೀರಲ್ಲ, ಹೆಂಗಿದ್ರೂ ಕಾಣತ್ತೆ ಅಂತ ಸುಮ್ನಿದ್ದೆ."

"ಗಡಿಬಿಡೀಲಿ ಕಾಣ್ಲಿಲ್ಲ ಸ್ವಾತಿ."

"ಮತ್ತೆ ಯಾವಾಗ ಕಾಣ್ತು?"

"ಈಗ. ನೀನು ಹೇಳಿದ್ಮೇಲೆ."

"ಹೌದಾ ಸರ್?" ಅವಳು ಕಿಟಕಿ ಕಡೆ ತಿರುಗಿದಳು. "ಹೇರಂಬ ಸರ್ ಕೈ ಹಿಡ್ಕಂಡಾಗ ನೀವು ಕಪ್ಪು ರಾಜನ್ನೇ ನೋಡ್ತಿದ್ರಿ. ನಾನು ನಿಮ್ಮನ್ನ ನೋಡ್ತಿದ್ದೆ."

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಮಂಜುನಾಥಪ್ಪನವರದು ಮೊದಲೇ ದೊಡ್ಡ ಗಂಟಲು, ಪಕ್ಕದವರಿಗೆಲ್ಲ ಕೇಳುತ್ತಿತ್ತು.

"ಮೇಷ್ಟ್ರೆ, ಮುಂದಿನ್ ತಿಂಗ್ಳು ತೀರ್ಥಹಳ್ಳೀಲಿ ಟೂರ್ನಮೆಂಟು. ನಿಂತ ಆಟಕ್ಕೆಲ್ಲ ನೀವೇ ತೀರ್ಪು ಹೇಳ್ಬೇಕಂತೆ, ಹೇರಂಬನೇ ಹಟ ಹಿಡ್ದಿದಾನೆ! ನಿಮ್ಮಂಥ ನ್ಯಾಯವಂತ್ರು ಎಲ್ ಸಿಗ್ತಾರೆ? ಬರ್ತೀರಲ್ಲ?"

ಸ್ವಾತಿ ತಿರುಗಿ ಅವನ ಮುಖವನ್ನೇ ನೋಡಿದಳು.

"ಬರ್ತೀನಿ ಸರ್," ಎಂದ ಕಾಂತರಾಜ್.