ಕಿರಿ ಸೊಸೆ ತೆಗೆದ ಪುಟ

ಸ್ವರಲಿಪಿಯ ಹಾಳೆ ನೋಡಿಕೊಳ್ಳುವುದು ಕಿರಿ ಸೊಸೆಯ ಪಾಲಿನ ಕೆಲಸ. ಅತ್ತೆ ನಡೆಸುವ ಸಂಗೀತ ಶಾಲೆಯಲ್ಲಿ ಈಗ ಕಾಗದ ಯಾರಿಗೆ ಬೇಕು? ನುಡಿಸುವವರೆಲ್ಲರ ಮುಂದೆ ಒಂದೊಂದು ಟ್ಯಾಬ್ಲೆಟ್. ಸ್ವರಲಿಪಿಗಳನ್ನೆಲ್ಲ ಸ್ಕ್ಯಾನ್ ಮಾಡಿ, ಅಂಚು ಕತ್ತರಿಸಿ, ಒಂದೇ ಸಂಗ್ರಹದಲ್ಲಿ ಜೋಡಿಸಿಟ್ಟವಳು ಇವಳು. ಇವಳ ಟ್ಯಾಬ್ಲೆಟ್‌ನಲ್ಲಿ ಏನು ಬದಲಾದರೂ ಮರುಗಳಿಗೆಯಲ್ಲಿ ಎಲ್ಲರದರಲ್ಲೂ ಬದಲಾಗುತ್ತದೆ. ಅದಕ್ಕೇ ನಿಮ್ಮ ನಿಮ್ಮ ಪ್ರತಿ ಬೇರೆ ಇಟ್ಟುಕೊಳ್ಳಿ ಎಂದು ಎಲ್ಲರ ಹತ್ತಿರವೂ ಬಡಕೊಂಡಿದ್ದಳು. ಹಿರಿ ಸೊಸೆಯೊಬ್ಬಳನ್ನು ಬಿಟ್ಟು ಎಲ್ಲರೂ ಇಟ್ಟುಕೊಂಡರು. ಪಿಯಾನೊ ನುಡಿಸುವ ಬೆರಳು ಅಂಥ ಚಿಲ್ಲರೆ ಕೆಲಸ ಮಾಡುವುದುಂಟೆ? ಪುಟ ತಿರುಗಿಸಲು ಕಾಲಡಿ ಪೆಡಲ್ ಇದ್ದರೆ ಮಹಾರಾಣಿಗೆ ಸಾಕು.

ಇರಲಿ, ಇಷ್ಟಕ್ಕೆಲ್ಲ ಯಾರೂ ಸೇಡು ತೀರಿಸಿಕೊಳ್ಳುವುದಿಲ್ಲ. ಇವಳ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ತಾಯಿ ಆಸ್ಪತ್ರೆಯಲ್ಲಿ ಏಳಲಾರದೆ ಮಲಗಿದ್ದಾಗ ಇವಳು ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಗುನುಗುತ್ತ, ಪಿಯಾನೊಗೆಂದು ಒಂದು ರಚನೆ ಬರೆದಿದ್ದಳು. ತಾಯಿ ಕಣ್ಣು ಮುಚ್ಚಿಕೊಂಡೇ, ಅಲ್ಲಿ ಅಷ್ಟು ಅವಸರ ಯಾಕೆ, ಸ್ವಲ್ಪ ನಿಲ್ಲು ಎನ್ನುತ್ತಿದ್ದಳು. ಇವಳು ಅಳಿಸಿ ಮತ್ತೆ ಬರೆಯುತ್ತಿದ್ದಳು. ತಾಯಿ ಹೋದ ಮೇಲೆ ಅದನ್ನೂ ಶಾಲೆಯ ಸಂಗ್ರಹಕ್ಕೆ ಸೇರಿಸಿದಳು. ಹಿರಿ ಸೊಸೆ ನುಡಿಸಿ ನೋಡಿದಳು, ಹಿಡಿಸಿತು. ವಾರ್ಷಿಕ ಕಾರ್ಯಕ್ರಮದ ಆಹ್ವಾನದಲ್ಲಿ ರಚನೆಯೂ ತನ್ನದೇ ಎಂದು ಅಚ್ಚು ಹಾಕಿಸಿಬಿಟ್ಟಳು.

ಅತ್ತೆಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ, ಯಾರ ಹೆಸರಾದರೇನು, ಇಬ್ಬರೂ ಒಂದೇ ಮನೆಯವರಲ್ಲವೆ, ಬೀದಿಗೆ ತರಬೇಡ ಎಂದು ಇವಳ ಬಾಯಿಗೇ ಬೀಗ ಹಾಕಿದರು. ಗಂಡನೋ, ಅತ್ತಿಗೆಯ ಎದುರು ತುಟಿ ಪಿಟಕ್ ಎನ್ನುವ ಆಸಾಮಿಯಲ್ಲ. ಕೊನೆಗೆ ಇವಳೇ ಹೋಗಿ ಕೇಳಿದಳು. ಹಿರಿ ಸೊಸೆ ಕನ್ನಡಿಯಿಂದ ಮುಖ ಕೂಡ ತಿರುಗಿಸಲಿಲ್ಲ.

"ನಿನ್ನ ಹೆಸರು ಹಾಕಿದ್ರೆ ಯಾರು ಬರ್ತಾರೆ ಹೇಳು. ನಾನು ನುಡಿಸ್ತಿದೀನಲ್ಲ, ಅದೇ ನಿಮ್ಮಮ್ಮಂಗೆ ದೊಡ್ಡ ಗೌರವ ಅಂದ್ಕೋ."

ತಾಯಿಯ ಸುದ್ದಿ ಎತ್ತಬಾರದಿತ್ತು. ಇವಳ ಮೈಯೆಲ್ಲ ಬೆಂಕಿಯಾಯಿತು. ಮಾಡ್ತೀನಿ ಇರು ನಿನಗೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿದಳು. ಅಂದಿನಿಂದ ವಾರಗಿತ್ತಿಯ ಜೊತೆ ಎಷ್ಟು ನಯವಾಗಿ ನಡೆದುಕೊಂಡಳೆಂದರೆ, ನೋಡು, ಹೇಗೆ ಹೊಂದಿಕೊಂಡಳು ಎಂದು ಅತ್ತೆ ನಾಲ್ಕು ಜನರೆದುರು ಹೊಗಳಿದರು.

ಕಾರ್ಯಕ್ರಮದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿರಿ ಸೊಸೆ ಪರದೆಯ ಮರೆಯಲ್ಲಿ, ಪಿಯಾನೊ ಕಾಣುವಂತೆ ಸ್ಟೂಲ್ ಹಾಕಿಕೊಂಡು, ತನ್ನ ಟ್ಯಾಬ್ಲೆಟ್ ಮಡಿಲಲ್ಲಿಟ್ಟುಕೊಂಡು ಕೂತಳು. ಹಿರಿ ಸೊಸೆ ಚೆನ್ನಾಗಿಯೇ ನುಡಿಸಿದಳು, ಸುಳ್ಳು ಹೇಳಬಾರದು. ಆದರೆ ತಾಯಿ ನಿಲ್ಲು ಎಂದಿದ್ದ ಕಡೆ ನಿಲ್ಲದೆ ದಡದಡ ಓಡಿದಳು. ಕಿರಿ ಸೊಸೆಗೆ ಅಲ್ಲಿಯವರೆಗೆ ಇದ್ದ ಒಂದಿಷ್ಟು ಅಳುಕೂ ಹೋಯಿತು. ಬೆರಳು ಮುಂದೆ ಮಾಡಿ ಕೊನೆಯ ಪುಟವನ್ನು ಸಂಗ್ರಹದಿಂದ ತೆಗೆದಳು. ಆ ಜಾಗಕ್ಕೊಂದು ಖಾಲಿ ಪುಟ ಇಟ್ಟಳು.

ಹಿರಿ ಸೊಸೆ ಪೆಡಲ್ ತುಳಿದಳು. ಎದುರಿಗೆ ಬರೀ ಬಿಳಿ. ಹಿಂದಿನ ಪುಟಕ್ಕೆ ಹೋದಳು, ಮತ್ತೆ ತುಳಿದಳು, ಮತ್ತೆ ಬಿಳಿ. ಹಾಳೆಯಿಲ್ಲದೆ ಒಂದು ಸಾಲೂ ಬಾರದವಳು ತಡಕಾಡಿ ಎರಡು ಅಪಸ್ವರ ಹಾಕಿ ನಿಂತುಬಿಟ್ಟಳು. ಸಭೆಯಲ್ಲಿ ಕೆಮ್ಮು, ಗುಸುಗುಸು. ಅವಳು ಪರದೆಯತ್ತ ಬಾಗಿ, ಕೊನೇ ಪುಟ ಹಾಕೇ ಎಂದು ಪಿಸುಗುಟ್ಟಿದಳು.

ಕಿರಿ ಸೊಸೆ ಎದ್ದು ದೀಪದ ಬೆಳಕಿಗೆ ಬಂದಳು. ಎಲ್ಲರಿಗೂ ಕೇಳುವ ಹಾಗೆ, ಆದರೆ ದನಿ ಏರಿಸದೆ ಹೇಳಿದಳು.

"ನೀವೇ ಬರೆದಿದ್ದಲ್ವಾ ಅಕ್ಕ? ಮುಂದೇನು ಅಂತ ನಿಮಗೆ ಗೊತ್ತಿರ್ಬೇಕಲ್ಲ."

ಮುಂದಿನ ಸಾಲಿನಲ್ಲಿ ಅತ್ತೆ ತಲೆ ತಗ್ಗಿಸಿದರು. ಹಿರಿ ಸೊಸೆಯ ಮುಖ ಸುಣ್ಣವಾಯಿತು. ಇವಳು ಅಲ್ಲಾಡದೆ ಕಾದಳು. ಉತ್ತರ ಬರುವವರೆಗೆ ಕಾಯಲು ಇವಳಿಗೆ ಬೇಕಾದಷ್ಟು ಪುರುಸೊತ್ತಿತ್ತು.

"ಗೊತ್ತಿಲ್ಲ," ಎಂದಳು ಹಿರಿ ಸೊಸೆ. "ಇದು ಇವಳದು."

ಹಾಗೆಂದು ಎದ್ದಳು. ಕಿರಿ ಸೊಸೆ ಆ ಜಾಗದಲ್ಲಿ ಕೂತು, ಉಳಿದದ್ದನ್ನು ಕಂಠಪಾಠದಿಂದಲೇ ನುಡಿಸಿ ಮುಗಿಸಿದಳು. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ನಿಂತವಳು ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಈಗಲಾದರೂ ಪಾಪ ಅನ್ನಿಸುತ್ತದೇನೋ ಎಂದು ಕಿರಿ ಸೊಸೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಅನ್ನಿಸಲಿಲ್ಲ.