ಎರಡು ಅಡಿ ಒಂಬತ್ತು ಇಂಚು

ತೇರದಾಳದ ಆದಪ್ಪ ಇಂಜಿನಿಯರಿಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಇಲ್ಲದವನ ಮೇಲೆ ಸಿಟ್ಟಾಗಿ ಯಾರಿಗೇನು ಲಾಭ ಎನ್ನುತ್ತಿದ್ದ. ಅವನ ತಾಯಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ, ಉಳ್ಳಾಗಡ್ಡಿಯ ಸಿಪ್ಪೆಯನ್ನೂ ಮನೆಯೊಳಗೆ ಬಿಡದ ಜೈನ ಹೆಂಗಸು. ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಬಂದ ಮೇಲೂ ಬಸದಿಗೆ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ಮನೆಯಲ್ಲಿ ವಾರಗಟ್ಟಲೆ ಜಗಳ, ಹೋದರೆ ಹತ್ತು ನಿಮಿಷದ ಕೆಲಸ. ಹೋಗುವುದೇ ಸೋವಿ. ಅವನ ಎಲ್ಲ ವಿಚಾರಗಳೂ ಹೀಗೆ ಸೋವಿ, ತುಟ್ಟಿ ಎಂಬ ಎರಡೇ ಕಾಲಿನ ಮೇಲೆ ನಿಂತಿದ್ದವು.

"ಅಳಿಯಾಕ ಬರೂದು ಖರೆ. ಅಳಿಯಾಕ ಬರಲಾರದ್ದು ಮಂದಿ ಮಾತು," ಎನ್ನುವುದು ಅವನ ಶಾಸ್ತ್ರ. ಕಡತಗಳ ಮೇಲೆ ಕೆಂಪು ಮಸಿಯಲ್ಲಿ 'ರಹಸ್ಯ' ಎಂದು ಬರೆಯುವ ಸರಕಾರದ ಚಾಳಿಯ ಬಗ್ಗೆ ಯಾರಾದರೂ ಗೊಣಗಿದರೆ, "ಕುರಿಗಿ ಕತ್ತಿ ತೋರ್ಸಿ ಯಾರರ ಕಡೀತಾರೇನ್ರಿ?" ಎಂದು ನಗುತ್ತಿದ್ದ. ಆ ನಗೆ ಕೇಳಿ ಜೊತೆಗಿದ್ದವರೂ ನಗುತ್ತಿದ್ದರು. ಅವರಲ್ಲಿ ಯಾರೂ ಕುರಿಗಳಾಗಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತಾರರಲ್ಲಿ ಬೀಳಗಿ ತಾಲೂಕಿನ ಒಂದು ದೊಡ್ಡ ಹಳ್ಳಕ್ಕೆ ಒಡ್ಡು ಹಾಕಿ ನೀರು ನಿಲ್ಲಿಸುವುದೆಂದು ಠರಾವಾಯಿತು. ನಿಂತ ನೀರು ಎಲ್ಲಿಯವರೆಗೆ ಬರುತ್ತದೆ, ಯಾವ ಮನೆ ಮುಳುಗುತ್ತದೆ, ಯಾವುದು ಉಳಿಯುತ್ತದೆ ಎಂದು ಅಳೆಯಲು ಆದಪ್ಪ ಯಳಗುತ್ತಿ ಎಂಬ ಊರಿಗೆ ಬಂದ. ಆಗ ಅವನಿಗೆ ಇಪ್ಪತ್ತೆಂಟು. ಊರಲ್ಲಿ ತಂಗಲು ಬಂಗಲೆ ಇರಲಿಲ್ಲ. ಮೇಲಿನ ಓಣಿಯ ನೇಕಾರ ಸಾತಪ್ಪನ ಪಡಸಾಲೆಯಲ್ಲಿ ಹಾಸಿಗೆ ಬಿಚ್ಚಿದ.

ಆ ಓಣಿಯಲ್ಲಿ ಹದಿನಾರು ಮನೆ, ಹದಿನಾರು ಕುಣಿಮಗ್ಗ. ನೆಲದಲ್ಲಿ ತೊಡೆಮಟ್ಟ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವುದು ಅವರ ಕಸುಬು. ನೇಯ್ದದ್ದನ್ನು ಬನಹಟ್ಟಿಯ ಅಂಗಡಿಗಳಿಗೆ ಹೊತ್ತು ಹಾಕುತ್ತಿದ್ದರು. ಸಾತಪ್ಪ ಮಾತು ಕಡಿಮೆಯ ಮನುಷ್ಯ. ಅವನ ಪಾಲಿನದನ್ನೂ ಸೇರಿಸಿ ಹೆಂಡತಿ ಭಾಗವ್ವನೇ ಮಾತಾಡುತ್ತಿದ್ದಳು. ಮಕ್ಕಳಿಲ್ಲದ ಆಕೆ ಎರಡೇ ದಿನದಲ್ಲಿ "ಸಾಹೇಬ್ರ" ಎನ್ನುವುದನ್ನು ಬಿಟ್ಟು "ತಮ್ಮಾ" ಎನ್ನತೊಡಗಿದಳು. ಎರಡು ವರ್ಷ ಬಿಸಿ ರೊಟ್ಟಿ, ಜುಣಕ, ಹಸಿ ಉಳ್ಳಾಗಡ್ಡಿ ಬಡಿಸಿದಳು. ದುಡ್ಡು ಕೊಡಲು ಹೋದರೆ ಕೈ ತಿರುವಿ ಬೈದಳು. ತಾಯಿಯ ಮನೆಯಲ್ಲಿ ಸಿಗದ ಉಳ್ಳಾಗಡ್ಡಿಯನ್ನು ಆದಪ್ಪ ಇಲ್ಲಿ ಗುದ್ದಿ ಒಡೆದು ತಿಂದ.

ಅಳತೆಗೆ ಒಂದು ಬುಡ ಬೇಕು. ಅದಕ್ಕೆ ಮಟ್ಟದ ಕಲ್ಲು ಎನ್ನುತ್ತಾರೆ. ಆ ಕಲ್ಲಿನ ತಲೆಯ ಎತ್ತರ ಇಷ್ಟು ಎಂದು ಪುಸ್ತಕದಲ್ಲಿ ಒಮ್ಮೆ ಬರೆದರೆ ಊರಿನ ಪ್ರತಿ ಹೊಸ್ತಿಲನ್ನೂ ಅದರಿಂದಲೇ ಅಳೆಯುವುದು. ಆದಪ್ಪ ನೆಡಿಸಿದ ಮೊದಲ ಕಲ್ಲು ನಾಲ್ಕೇ ದಿನಕ್ಕೆ ಹಳ್ಳದಲ್ಲಿ ಬಟ್ಟೆ ಒಗೆಯುವ ಕಲ್ಲಾಯಿತು. ಎರಡನೆಯದು ಯಾರದೋ ದನದ ಕೊಟ್ಟಿಗೆಯ ಮೆಟ್ಟಿಲಾಯಿತು. ಒಳ್ಳೆಯ ಚಚ್ಚೌಕ ಕಲ್ಲು ಸುಮ್ಮನೆ ಬಿದ್ದಿದೆ ಎಂದುಕೊಂಡರೆ ಜನರದೇನು ತಪ್ಪು? ಅದು ಏನು, ಯಾಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಕೂಡದು ಎಂದು ಮೇಲಿನಿಂದ ಕಾಗದ ಬಂದಿತ್ತು.

ಮೂರನೆಯ ಕಲ್ಲನ್ನು ಎರಡಡಿ ಕಾಂಕ್ರೀಟಿನಲ್ಲಿ ಹೂಳಬೇಕೆಂಬುದು ನಿಯಮ. ಸಿಮೆಂಟು ಬರಲು ತಿಂಗಳು ಹಿಡಿಯುತ್ತಿತ್ತು, ಕುಂಕುಮ ಮಾತ್ರ ಊರ ಅಂಗಡಿಯಲ್ಲೇ ಇತ್ತು. ಆದಪ್ಪ ಮೇಲಿನ ಓಣಿಯ ತುದಿಯಲ್ಲಿ ಕಲ್ಲು ನಿಲ್ಲಿಸಿ, ಸುತ್ತ ಮಣ್ಣು ಬಡಿಸಿದ. ಮರುದಿನ ನಸುಕಿನಲ್ಲಿ ತಾನೇ ಹೋಗಿ ಅದರ ತಲೆಗೆ ಅರಿಷಿಣ ಬಳಿದು, ಮುಷ್ಟಿ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಬಂದು ಹಾಸಿಗೆಯಲ್ಲಿ ಹೊರಳಿದ. ಹೊತ್ತೇರುವುದರೊಳಗೆ ಭಾಗವ್ವ ಅಲ್ಲಿ ಕಾಯಿ ಒಡೆದಿದ್ದಳು. ಕಲ್ಲಿನ ಮೈಮೇಲೆ ಇಲಾಖೆಯ ಬಾಣದ ಗುರುತು ಕೆತ್ತಿತ್ತಲ್ಲ, ದೇವಿಗೆ ಬಾಣವ್ವ ಎಂದು ಹೆಸರಾಯಿತು.

"ಅಗ್ದಿ ಪುಗಸೆಟ್ಟೆ ವಾಚಮನ್," ಎಂದು ಆದಪ್ಪ ಮುಧೋಳದ ಗೆಳೆಯರ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಕ್ತಿನೂ ಒಂದ್ ಮಶೀನ್ ಇದ್ದಂಗ ನೋಡ್ರಿ. ನಡಸಾಕ ಬರಬೇಕಷ್ಟ."

ಆ ಕಲ್ಲಿನಿಂದ ಅಳೆದಾಗ ಮೇಲಿನ ಓಣಿ ಮುಳುಗಡೆಯ ಗೆರೆಗಿಂತ ಒಂದೂವರೆ ಅಡಿ ಮೇಲಿತ್ತು. ಹದಿನಾರು ಮನೆಗಳೂ ಕ್ಷೇಮ. ಅಳತೆ ಪುಸ್ತಕದಲ್ಲಿ ಅವನೇ ಕೈಯಾರೆ ಬರೆದ. ವರ್ಗವಾಗಿ ಹೊರಟ ದಿನ ಭಾಗವ್ವ, "ತಮ್ಮಾ, ನೀರು ನಮ್ಮ ಮನೀತನಕಾ ಬರ್ತೈತೇನೋ?" ಎಂದು ಕೇಳಿದ್ದಳು. ಬರುವುದಿಲ್ಲ ಎಂಬ ಒಂದು ಮಾತಿಗೆ ಅವನ ಗಂಟೇನೂ ಹೋಗುತ್ತಿರಲಿಲ್ಲ. "ಅದು ಸರಕಾರದ ಮಾತು ಅಕ್ಕಾ, ಕೇಳಬ್ಯಾಡ," ಎಂದು ಜೀಪು ಹತ್ತಿದ.

ಏಳೆಂಟು ವರ್ಷ ಕಳೆಯಿತು. ಕಿರಿಯರು ಎರಡನೆಯ ಸಲ ಅಳೆದರು. ಮುಳುಗುವ ಮನೆಗಳ ಯಾದಿ ತಯಾರಾಯಿತು. ಎಪ್ಪತ್ತೈದರಲ್ಲಿ ಆ ಯಾದಿ ಜಮಖಂಡಿಯ ಕಚೇರಿಗೆ ಬಂದಾಗ ಅಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತಿದ್ದವನು ಆದಪ್ಪನೇ. ಎರಡು ಸಾವಿರ ಚಿಲ್ಲರೆ ಮನೆಗಳು. ಓದಲು ಪುರಸೊತ್ತೆಲ್ಲಿ? ಸಹಿ ಹಾಕಿ ಮೇಲೆ ಕಳಿಸಿದ. ತಿಂಗಳ ಮೇಲೆ ಮಂಜೂರಾಗಿ ಬಂದ ಪ್ರತಿಯನ್ನು ಚಹಾ ಕುಡಿಯುತ್ತ ತಿರುವಿದಾಗ ಸಾತಪ್ಪನ ಹೆಸರು ಕಣ್ಣಿಗೆ ಬಿತ್ತು. ಮೇಲಿನ ಓಣಿಯ ಹದಿನಾರು ಮನೆಯೂ ಅದರಲ್ಲಿದ್ದವು.

ಹಳೆಯ ಅಳತೆ ಪುಸ್ತಕ ತೆಗೆಸಿ ನೋಡಿದ. ಜೀಪು ತೆಗೆದುಕೊಂಡು ಯಳಗುತ್ತಿಗೆ ಹೋದ. ಅದು ಶ್ರಾವಣ ಮಾಸ. ಓಣಿಯ ತುದಿಯಲ್ಲಿ ಸುಣ್ಣ ಹೊಡೆದ ಚೆಂದದ ಕಟ್ಟೆ, ಕಟ್ಟೆಯ ಮೇಲೆ ಬಾಣವ್ವ.

"ಹೆಂಗೈತಿ ನೋಡೋ ತಮ್ಮಾ," ಭಾಗವ್ವ ಸಂಭ್ರಮದಿಂದ ಕೈ ಹಿಡಿದು ಕರೆದೊಯ್ದಳು. "ತಾಯಿ ನೆಲದಾಗ ನಿಂತಿದ್ಲು, ನಾಯಿ ಬಂದು ಕಾಲೆತ್ತತಿದ್ವು. ನನಗ ತಡೀಲಿಲ್ಲ. ಮನಿಮನಿಗಿ ಹೋಗಿ ಮುಷ್ಟಿ ಮುಷ್ಟಿ ಜ್ವಾಳ ಕೂಡ್ಸಿ ಗೌಂಡಿನ್ನ ಕರಸೀನಿ. ಎತ್ತೂವಾಗ ತಾಯೀನ ಅಲ್ಲಾಡಸಿಲ್ಲ, ಬಾಣದ ಮಾರಿ ಮೊದಲ ಹೆಂಗಿತ್ತೋ ಹಂಗ ಇಟ್ಟೀವಿ."

ಆದಪ್ಪ ಟೇಪು ತೆಗೆದು ಅಳೆದ. ಎರಡು ಅಡಿ ಒಂಬತ್ತು ಇಂಚು. ಕಲ್ಲನ್ನು ಇವರು ಮೇಲೆತ್ತಿದ್ದರು, ಅಳೆಯಲು ಬಂದ ಕಿರಿಯರಿಗೆ ಅದು ಗೊತ್ತಿರಲಿಲ್ಲ. ಕಲ್ಲಿನ ಹಳೆಯ ಎತ್ತರವನ್ನೇ ಹಿಡಿದು ಅಳೆದಾಗ ಕಾಗದದ ಮೇಲೆ ಇಡೀ ಓಣಿ ಎರಡು ಅಡಿ ಒಂಬತ್ತು ಇಂಚು ಕೆಳಗಿಳಿದು, ಮುಳುಗಡೆಯ ಗೆರೆಯೊಳಗೆ ಬಿದ್ದಿತ್ತು. ನೆಲದ ಮೇಲೆ ಮಾತ್ರ ಮೊದಲಿದ್ದಲ್ಲೇ ಇತ್ತು.

ಅಂದು ಭಾಗವ್ವ ಜುಣಕ ಮಾಡಿದ್ದಳು. ಸಾತಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು, ಎಂದೂ ಮಾತಾಡದವನು, ಅಂದು ತಾನೇ ಬಾಯಿ ಬಿಟ್ಟ. "ಸಾಹೇಬ್ರ, ನೋಟೀಸ್ ಬರ್ತಾವಂತ ಸುದ್ದಿ ಐತ್ರಿ. ನೀವು ಒಂದ್ ಮಾತ್ ಖರೆ ಹೇಳ್ರಿ. ಈ ವಯಸ್ಸಿನಾಗ ಮಗ್ಗ ಕಿತ್ತು ನಾ ಎಲ್ಲಿ ಹೂಡ್ಲಿ?"

ಆದಪ್ಪ ರೊಟ್ಟಿ ಮುರಿಯುತ್ತ ಲೆಕ್ಕ ಹಾಕಿದ. ತಪ್ಪಾಗಿದೆ ಎಂದು ಬರೆದರೆ ವಿಚಾರಣೆ. ಕಲ್ಲು ನೆಟ್ಟವರು ಯಾರು? ಕಾಂಕ್ರೀಟು ಎಲ್ಲಿ? ಯಾದಿಗೆ ಸಹಿ ಹಾಕಿದವರು ಯಾರು? ದೀಪಾವಳಿಗೆ ಅವನ ಬಡ್ತಿ. ಎರಡು ಸಾವಿರ ಮನೆಗಳಲ್ಲಿ ಹದಿನಾರು ಎಂದರೆ ನೂರಕ್ಕೆ ಒಂದೂ ಅಲ್ಲ. ಅಷ್ಟು ವ್ಯತ್ಯಾಸ ಯಾವ ಯೋಜನೆಯಲ್ಲಿ ಇರುವುದಿಲ್ಲ? ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ಈ ಮಹಾರಾಯ ಉಣ್ಣುತ್ತಲೇ ಎಣಿಸಿದ, ಎಣಿಸಿ ಕೈ ತೊಳೆದ.

"ನೀರು ಬರ್ತೈತಿ ಸಾತಪ್ಪ. ತಡಾ ಮಾಡಬ್ಯಾಡ್ರಿ. ಮತ್ತ ಈ ಕುಣಿಮಗ್ಗದ ಕಾಲ ಮುಗೀತು. ಬನಹಟ್ಟ್ಯಾಗ ಪವರ್‌ಲೂಮ್ ಬಂದಾವ, ಅಲ್ಲಿ ಹೋಗ್ರಿ. ಸೈನ್ಸ್ ಯಾರ ಸಲವಾಗಿನೂ ನಿಂದ್ರೂದಿಲ್ಲ."

"ನೀ ಹೇಳಿದಿ ಅಂದ್ರ ಮುಗೀತ ಬಿಡೋ ತಮ್ಮಾ," ಎಂದಳು ಭಾಗವ್ವ.

ಕಾರ್ತಿಕದಲ್ಲಿ ಅವರೇ ತಮ್ಮ ಕೈಯಿಂದ ಮಾಳಿಗೆಯ ತೊಲೆ ಕಿತ್ತರು. ಗೋಡೆ ತಾನಾಗಿ ಬೀಳಲಿ ಎಂದು ಬಿಟ್ಟರು. ಬಾಣವ್ವನನ್ನು ಕರೆದೊಯ್ಯಲು ದೇವರ ಅಪ್ಪಣೆ ಆಗಲಿಲ್ಲವೆಂದು ಅಲ್ಲೇ ಬಿಟ್ಟು ಅತ್ತರು. ಸರಕಾರ ಕೊಟ್ಟ ಹೊಸ ಜಾಗ ಗುಡ್ಡದ ಮೇಲಿನ ಬೋಳು ಬಂಡೆ. ತಗಡಿನ ಮನೆ ನಿಂತಿತು, ಮಗ್ಗದ ಕುಣಿ ತೋಡಲು ಆಗಲಿಲ್ಲ. ಸಾತಪ್ಪ ಹಾರೆ ಹಿಡಿದು ಎಂಟು ದಿನ ಬಡಿದ. ಗೇಣುದ್ದವೂ ಇಳಿಯಲಿಲ್ಲ. ಐವತ್ತೆಂಟರ ವಯಸ್ಸಿನಲ್ಲಿ, ಮಂಜುಗಣ್ಣು ಹೊತ್ತು, ಬನಹಟ್ಟಿಗೆ ಹೋಗಿ ಪವರ್‌ಲೂಮಿನ ಮುಂದೆ ಹನ್ನೆರಡು ತಾಸು ನಿಂತ. ಮೂರನೆಯ ತಿಂಗಳಲ್ಲಿ ಲಾಳಿ ಮಗ್ಗದಿಂದ ಸಿಡಿದು ಬಂದು ಕಣತಲೆಗೆ ಬಡಿಯಿತು. ಕೈಮಗ್ಗದ ಲಾಳಿ ಅವನ ಮಾತು ಕೇಳುತ್ತಿತ್ತು. ಇದು ಯಾರ ಮಾತೂ ಕೇಳುವಂಥದ್ದಲ್ಲ. ಒಂಬತ್ತು ದಿನ ಮಲಗಿದ್ದು ಸತ್ತ.

ಎಪ್ಪತ್ತೇಳರ ಮಳೆಗಾಲದಲ್ಲಿ ಒಡ್ಡು ತುಂಬಿತು. ನೀರು ಏರಿತು, ಏರಿತು, ಮೇಲಿನ ಓಣಿಗೆ ಒಂದೂವರೆ ಅಡಿ ಕೆಳಗೆ ಬಂದು ನಿಂತಿತು. ಮುಂದೆ ಒಂದಂಗುಲ ಬರಲಿಲ್ಲ.

ಸುದ್ದಿ ಕೇಳಿ ಆದಪ್ಪ ಬಡ್ತಿಯ ಹೊಸ ಕಾರಿನಲ್ಲಿ ನೀರು ನೋಡಲು ಬಂದ. ಬಿದ್ದ ಗೋಡೆಗಳ ನಡುವೆ ನಿಂತ. ಹತ್ತು ವರ್ಷದ ಹಿಂದೆ ತಾನು ಬರೆದ ಅಂಕಿಗೆ ನೀರು ಕೂದಲೆಳೆಯಷ್ಟೂ ತಪ್ಪದೆ ಬಂದು ನಿಂತದ್ದನ್ನು ಕಂಡು ಅವನ ಎದೆ ಉಬ್ಬಿತು. ನಾಚಿಕೆಯಾಗಬೇಕಿದ್ದ ಜಾಗದಲ್ಲಿ ಹೆಮ್ಮೆಯಾಯಿತು. ಅಂಥವನು ಅವನು.

ಕಟ್ಟೆಯ ಮುಂದೆ ಭಾಗವ್ವ ಒಬ್ಬಳೇ ಕೂತಿದ್ದಳು. ಹಣೆ ಬೋಳು. ಅವನನ್ನು ಕಂಡು ಸೆರಗಿನಿಂದ ಕಣ್ಣೊರೆಸಿದಳು.

"ನೋಡಿದೇನೋ ತಮ್ಮಾ, ತಾಯಿ ತನ್ನ ಪಾದದ ಕೆಳಗ ನೀರು ನಿಲ್ಸ್ಯಾಳ. ನಮಗ ನಂಬಿಕಿ ಇರಲಿಲ್ಲ. ಆಕೀನ ಬಿಟ್ಟು ಹೋದ್ವಿ. ಅದಕ್ಕ ನನ್ನ ಗಂಡನ್ನ ತಗೊಂಡ್ಲು."

ಇಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ತನ್ನ ಲೆಕ್ಕದ ಹೆಸರು ಒಂದು ಕಲ್ಲಿಗೆ ಹೋಗುವುದನ್ನು ಆದಪ್ಪನಿಗೆ ನೋಡಲಾಗಲಿಲ್ಲ.

"ಎಂಥಾ ತಾಯಿ ಅಕ್ಕಾ? ಅದು ಸರಕಾರದ ಅಳತಿ ಕಲ್ಲು. ಯಾರೂ ಕೀಳಬಾರದಂತ ಕುಂಕುಮ ಹಚ್ಚಿದಾಂವ ನಾನ. ನೀರು ಇಲ್ಲೇ ನಿಂದರ್ತೈತಿ ಅಂತ ನಾ ಅವಾಗ ಬರದಿದ್ದೆ. ನೀವು ಕಟ್ಟಿ ಕಟ್ಟಿ ಕಲ್ಲು ಎತ್ತಿಬಿಟ್ರಿ. ಕಲ್ಲು ಮ್ಯಾಲ ಹೋತು, ಅಳತ್ಯಾಗ ನಿಮ್ಮ ಓಣಿ ಕೆಳಗ ಹೋತು. ಎತ್ತದಿದ್ರ ನಿಮಗ ನೋಟೀಸನ ಬರತಿರಲಿಲ್ಲ."

ಭಾಗವ್ವನಿಗೆ ಒಮ್ಮೆಗೇ ತಿಳಿಯಲಿಲ್ಲ. ಅವನು ಕಟ್ಟೆಯ ಮೇಲೆ ಗೇಣು ಹಾಕಿ ತೋರಿಸಿದ. ಎರಡನೆಯ ಸಲ ಹೇಳಿದಾಗ ತಿಳಿಯಿತು. ಆಕೆ ತನ್ನ ಅಂಗೈಗಳನ್ನು ನೋಡಿಕೊಂಡಳು.

"ಇದು ನಿನಗ ಯಾವಾಗ ಗೊತ್ತಾತು ತಮ್ಮಾ?"

ಆದಪ್ಪ ಕಟ್ಟೆಯಿಂದ ಕೈ ತೆಗೆದ. "ಈಗ, ನೀರು ನಿಂತ ಮ್ಯಾಲ."

"ಹಂಗಾದ್ರ ನಿಂದೇನ್ ತಪ್ಪೋ ಯಪ್ಪಾ," ಎಂದಳು ಭಾಗವ್ವ. "ಎತ್ತೂನು ಅಂದಾಕಿ ನಾನ. ಯಾರೂ ಒಲ್ಲೆ ಅಂದಿದ್ರು. ನಾನ ಮನಿಮನಿ ತಿರಗಿ ಗಂಟುಬಿದ್ದು ಎತ್ತಿಸಿದೆ. ಹದಿನಾರು ಮನೀ ಹಾಳು ಮಾಡಿದೆ. ನನ್ನ ಗಂಡನ್ನೂ ನಾನ ತಿಂದೆ." ಮೊಣಕಾಲಿಗೆ ಕೈ ಊರಿ ಎದ್ದಳು. "ನಡಿ, ಓಣಿಯವರಿಗಿ ಹೇಳಿಬಿಡ್ತೀನಿ. ಯಾರ ಪಾಪ, ಯಾರ ಪಾಪ ಅಂತ ದಿನಾ ಬಡದಾಡಾಕತ್ತಾರ."

ಈಗ ಆದಪ್ಪನಿಗೆ ನಿಜವಾಗಿ ಭಯವಾಯಿತು. ಓಣಿಗೆ ತಿಳಿದರೆ ಪೇಪರಿಗೆ ತಿಳಿಯುತ್ತದೆ, ಪೇಪರಿಗೆ ತಿಳಿದರೆ ಹಳೆಯ ಕಡತ ತೆರೆಯುತ್ತದೆ, ಅದರಲ್ಲಿ ಅವನ ಸಹಿಯೂ ತಾರೀಖೂ ಇವೆ. ಆಕೆಯ ರಟ್ಟೆ ಹಿಡಿದ.

"ಇದು ಸರಕಾರದ ಗುಟ್ಟು ಅಕ್ಕಾ. ಯಾರ ಮುಂದನೂ ಬಾಯಿ ಬಿಡಬಾರದು. ಬಾಣವ್ವನ ಮ್ಯಾಲ ಕೈ ಇಟ್ಟು ಆಣಿ ಮಾಡು."

"ನೀನ ಈಗ ಅದು ಕಲ್ಲು ಅಂದಿ."

"ಇರ್ಲಿ. ಮಾಡು."

ಭಾಗವ್ವ ಕೈ ಇಟ್ಟು ಆಣೆ ಮಾಡಿದಳು. ಆದಪ್ಪನಿಗೆ ಹಸಿವಾಗಿತ್ತು. ಆಕೆ ಬುತ್ತಿ ಬಿಚ್ಚಿ ಎರಡು ರೊಟ್ಟಿ ಕೊಟ್ಟಳು. ಉಂಡು ಹೊರಟ.

ಆಮೇಲೆ ಇಪ್ಪತ್ತು ವರ್ಷ ಪ್ರತಿ ಮಂಗಳವಾರ ಆ ಹದಿನಾರು ಮನೆಯ ಹೆಂಗಸರು ಗುಡ್ಡ ಇಳಿದು ಕಟ್ಟೆಗೆ ಬಂದರು. ಪೂಜೆ ಮುಗಿದ ಮೇಲೆ ಮಣ್ಣು ಹಿಡಿದು, ನಮ್ಮನ್ನು ಇಲ್ಲಿಂದ ಎಬ್ಬಿಸಿದ ಪಾಪಿಯ ವಂಶ ನಾಶವಾಗಲಿ, ಕೈ ಸೇದಿ ಹೋಗಲಿ, ಬಾಯಿಗೆ ನೀರು ಬಿಡುವವರು ಇಲ್ಲದೆ ಸಾಯಲಿ ಎಂದು ಒಕ್ಕೊರಲಿನಿಂದ ಶಪಿಸುತ್ತಿದ್ದರು. ಭಾಗವ್ವನೂ ಅವರ ಸಾಲಿನಲ್ಲೇ ಕೂತು, ಮಣ್ಣು ಹಿಡಿದು, ಒಂದೊಂದು ಶಾಪಕ್ಕೂ ಎಲ್ಲರಿಗಿಂತ ಗಟ್ಟಿಯಾಗಿ "ಹೂಂ, ಆಗ್ಲಿ" ಎನ್ನುತ್ತಿದ್ದಳು. ಕೊನೆಗೆ ಹಾಗೆಯೇ, ತಗಡಿನ ಮನೆಯಲ್ಲಿ, ಬಾಯಿಗೆ ನೀರು ಬಿಡುವವರಿಲ್ಲದೆ ಸತ್ತಳು.

ನಿವೃತ್ತನಾಗಿದ್ದ ಆದಪ್ಪನಿಗೆ ಈ ಸುದ್ದಿಯನ್ನು ಜಮಖಂಡಿಯಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಯಳಗುತ್ತಿಯವನೊಬ್ಬ ಹೇಳಿದ. ಸಾಯುವಾಗ ಏನಾದರೂ ಹೇಳಿದಳೇ ಎಂದು ಆದಪ್ಪ ಎರಡು ಸಲ ಕೇಳಿದ. ಏನೂ ಹೇಳಲಿಲ್ಲ ಎಂದು ಗೊತ್ತಾದ ಮೇಲೆ, "ಭಾಳ ಛಲೋ ಹೆಣಮಗಳು," ಎಂದು ಬಡಿಸುವವನನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.